ಮಗಳಿಗೆ ಫೋರೆನ್ಸಿಕ್ ಸೈಕಾಲಜಿ ಓದಬೇಕಂತೆ, ಮೂಡಿಗೆರೆಯಿಂದ ಕೇಳುತ್ತಿದ್ದೇನೆ

ಮೂಡಿಗೆರೆ ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಸೆಕೆಂಡ್ ಪಿಯು ಪಿಸಿಎಂಬಿ ಮುಗಿಸಿದಳು. ಫೋರೆನ್ಸಿಕ್ ಸೈಕಾಲಜಿ ಓದಿ ಕಳ್ಳರ ಮನಸ್ಸು ಹಿಡಿಯುತ್ತೇನೆ ಅಂತ ಹಟ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ವಿಚಾರಿಸಿದೆವು. ಸೈಕಾಲಜಿ, ಫೋರೆನ್ಸಿಕ್ ಸೈನ್ಸ್ ಎರಡೂ ಸೇರಿದ ಡಿಗ್ರಿ ಇದೆಯಂತೆ. ಮುಗಿದ ಕೂಡಲೇ ಸಿಬಿಐ, ಎಫ್‌ಎಸ್‌ಎಲ್ (ಸರ್ಕಾರದ ಫೋರೆನ್ಸಿಕ್ ಲ್ಯಾಬ್) ಎಲ್ಲಾ ಕರೆದು ಕೆಲಸ ಕೊಡುತ್ತಾರೆ ಅಂದರು. ಫೀಸು ಕೇಳಿದ ಮೇಲೆ ಘಾಟಿ ಹತ್ತುವವರೆಗೂ ನಾನು ಮಾತಾಡಲಿಲ್ಲ. ಹಾಸನದಲ್ಲೇ ಬಿಎಸ್ಸಿ ಕೆಮಿಸ್ಟ್ರಿಗೆ ಸೇರಿಸೋಣ ಅಂತ ನನ್ನ ಮನಸ್ಸು. ತಿಳಿದವರು ಹೇಳಿ.

ಕಡೂರ್ ಕ್ರೈಮ್ ಪ್ರಿಯ:
ಸರ್, ಕಣ್ಣು ಮುಚ್ಚಿಕೊಂಡು ಸೇರಿಸಿ. ಮುಂದಿನ ಕಾಲ ಇದೇ. ನಾರ್ಕೋ, ತಲೆಗೆ ತಂತಿ ಹಚ್ಚಿ ಮೆದುಳಿನ ಅಲೆ ನೋಡುವ ಬ್ರೈನ್ ಮ್ಯಾಪಿಂಗ್, ಸುಳ್ಳು ಪತ್ತೆ ಯಂತ್ರ. ಒಂದು ಇಂಜೆಕ್ಷನ್ ಕೊಟ್ಟರೆ ಎಂಥವನೂ ಬಾಯಿ ಬಿಡುತ್ತಾನೆ. ಅದನ್ನೆಲ್ಲ ಮಾಡುವುದು ಸೈಕಾಲಜಿಸ್ಟೇ ಅಲ್ವಾ?

ಬೇಲೂರು ವಕೀಲ:
ಟಿವಿ ಸ್ವಲ್ಪ ಆಫ್ ಮಾಡಿ ಮಾರಾಯರೇ. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಮೂರಕ್ಕೂ ಒಟ್ಟಿಗೆ ಕಡಿವಾಣ ಹಾಕಿತು. ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡುವ ಹಾಗಿಲ್ಲ. ಸಂವಿಧಾನದ 20(3)ನೇ ವಿಧಿ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಆರೋಪಿಯನ್ನು ಬಲವಂತ ಮಾಡುವಂತಿಲ್ಲ. ಅವನೇ ಒಪ್ಪಿದರೂ ಆ ಪರೀಕ್ಷೆಯ ಫಲಿತಾಂಶ ಸಾಕ್ಷ್ಯವಲ್ಲ. ಅದರಿಂದ ಚಾಕುವೋ ಒಡವೆಯೋ ಸಿಕ್ಕರೆ ಆ ಪತ್ತೆಗೆ ಮಾತ್ರ ಬೆಲೆ.

ಹಾಸನದ ಕ್ಲಿನಿಕಲ್ ಅಕ್ಕ:
ಯಂತ್ರದ ವಿಷಯವೂ ಹೇಳಿಬಿಡುತ್ತೇನೆ. ಪಾಲಿಗ್ರಾಫ್, ಅದೇ ಆ ಸುಳ್ಳು ಪತ್ತೆ ಯಂತ್ರ, ಸುಳ್ಳನ್ನು ಅಳೆಯುವುದಿಲ್ಲ. ಉಸಿರು, ರಕ್ತದೊತ್ತಡ, ಬೆರಳಿನ ಬೆವರು ಇಷ್ಟನ್ನೇ ಅಳೆಯುತ್ತದೆ. ಸ್ಟೇಷನ್ ಮೆಟ್ಟಿಲು ಹತ್ತಿದರೇ ನಮ್ಮ ಕಡೆಯ ಅಮಾಯಕನಿಗೆ ಎದೆ ಡವಡವ ಅನ್ನುತ್ತದೆ. ಪಳಗಿದವನಿಗೆ ಏನೂ ಆಗುವುದಿಲ್ಲ. ಆಗ ಯಂತ್ರ ಯಾರನ್ನು ಹಿಡಿಯಿತು?

ಅರಸೀಕೆರೆ ಲ್ಯಾಬ್:
ಸರ್, ನಾನು ವಿಷ ಪರೀಕ್ಷೆಯ ಲ್ಯಾಬಿನಲ್ಲಿ ಬಹಳ ವರ್ಷ ಇದ್ದವನು. ನಿಮ್ಮ ಮನಸ್ಸಿನಲ್ಲಿರುವುದೇ ಸರಿ. ಕೆಮಿಸ್ಟ್ರಿ ಓದಿಸಿ. ಫೋರೆನ್ಸಿಕ್ ಅನ್ನುವುದು ಬೇರೆ ವಿದ್ಯೆಯೇನಲ್ಲ. ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸನ್ನೇ ಕೋರ್ಟ್ ಒಪ್ಪುವ ಹಾಗೆ ಮಾಡುವುದು.

ನಮ್ಮ ಜಿಲ್ಲೆಗಳಲ್ಲಿ ಯಾವ ಕೇಸು ಜಾಸ್ತಿ ಬರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, ತೋಟದ ಔಷಧಿ. ಶವಪರೀಕ್ಷೆಯಲ್ಲಿ ತೆಗೆದ ಹೊಟ್ಟೆ, ಲಿವರ್, ಕಿಡ್ನಿ ಚೂರುಗಳು ಬಾಟಲಿಯಲ್ಲಿ ಬರುತ್ತವೆ. ಕೆಡದಿರಲಿ ಅಂತ ಏನು ಹಾಕುತ್ತಾರೆ ಗೊತ್ತಾ? ಇನ್ನು ಕರಗುವುದಿಲ್ಲ ಅನ್ನುವಷ್ಟು ಗಟ್ಟಿ ಉಪ್ಪುನೀರು. ನಮ್ಮ ಉಪ್ಪಿನಕಾಯಿ ಲೆಕ್ಕವೇ. ಫಾರ್ಮಲಿನ್ ಹಾಕಿದರೆ ವಿಷ ಪತ್ತೆ ಮಾಡುವುದೇ ಕಷ್ಟ. ಕೆಲವು ಕೇಸಿಗೆ ಸ್ಪಿರಿಟ್ ಹಾಕುವುದೂ ಇದೆ. ಆದರೆ ಸತ್ತವನು ಕುಡಿದಿದ್ದನೋ ಇಲ್ಲವೋ ಅಂತ ನೋಡಬೇಕಾದ ಬಾಟಲಿಗೆ ಸ್ಪಿರಿಟ್ ಸುರಿದರೆ ಅಲ್ಲಿಗೆ ಮುಗಿಯಿತು.

ಆಮೇಲೆ ಸೀಲು ನೋಡಬೇಕು. ಮಾದರಿ ಸೀಲಿಗೂ ಬಾಟಲಿ ಸೀಲಿಗೂ ತಾಳೆ ಆಗಬೇಕು. ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಬರೆದಿರಬೇಕು. ಆಮೇಲೆ ಕ್ರೊಮಟೋಗ್ರಫಿ. ಪಿಯು ಲ್ಯಾಬಿನಲ್ಲಿ ಕಾಗದದ ಮೇಲೆ ಶಾಯಿ ಹತ್ತಿಸಿ ಬಣ್ಣ ಬೇರೆ ಮಾಡುತ್ತೀರಲ್ಲ, ಅದರ ಅಣ್ಣ. ಇದರಲ್ಲಿ ಕಳ್ಳನ ಮನಸ್ಸು ಎಲ್ಲೂ ಬರುವುದಿಲ್ಲ. ದಿನಕ್ಕೆ ಎಂಟು ಗಂಟೆ ವಾಸನೆ ಮಾತ್ರ.

ಕಡೂರ್ ಕ್ರೈಮ್ ಪ್ರಿಯ:
ಹಾಗಾದರೆ ಸೈಕಾಲಜಿಗೆ ಸ್ಕೋಪೇ ಇಲ್ಲವಾ?

ಅರಸೀಕೆರೆ ಲ್ಯಾಬ್:
ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲಿ ಅಳತೆ ಎಲ್ಲಿದೆ? ಎದುರು ಕೂರಿಸಿ ಮಾತಾಡಿಸಿ ವರದಿ ಬರೆಯುವುದು.

ಹಾಸನದ ಕ್ಲಿನಿಕಲ್ ಅಕ್ಕ:
ಅಣ್ಣಾ, ಒಂದು ಅಳತೆ ಹೇಳುತ್ತೇನೆ, ತಪ್ಪಿದ್ದರೆ ಹೇಳಿ. ಏಟು ಬಿದ್ದ ಮೇಲೆ ಏನೂ ನೆನಪಿಲ್ಲ ಅಂತ ಒಬ್ಬ ಬರುತ್ತಾನೆ. ನಿಜವೋ ನಾಟಕವೋ? 50 ಚಿತ್ರ ತೋರಿಸುತ್ತೇವೆ. ಆಮೇಲೆ ಎರಡೆರಡು ಚಿತ್ರ ಇಟ್ಟು, ಯಾವುದನ್ನು ಆಗಲೇ ನೋಡಿದ್ದೆ ಅಂತ ಕೇಳುತ್ತೇವೆ. ನಿಜವಾಗಿ ಮರೆತವನು ಸುಮ್ನೆ ಬೆರಳು ತೋರಿಸಿದರೂ ಸುಮಾರು 25 ಸರಿಯಾಗುತ್ತವೆ. ಇವನಿಗೆ 12 ಸರಿ ಬಂದರೆ? ಸರಿ ಉತ್ತರ ಗೊತ್ತಿದ್ದೇ ತಪ್ಪು ತೋರಿಸಿದ್ದಾನೆ ಅಂತ ಅನುಮಾನ ಗಟ್ಟಿಯಾಗುತ್ತದೆ. ಅಷ್ಟರಿಂದಲೇ ತೀರ್ಮಾನಿಸುವುದಿಲ್ಲ, ಬೇರೆ ಪರೀಕ್ಷೆಗಳೂ ಇವೆ. ಆದರೆ ಇದು ಲೆಕ್ಕ ಹೌದೋ ಅಲ್ಲವೋ?

ಅರಸೀಕೆರೆ ಲ್ಯಾಬ್:
ಹೌದಮ್ಮಾ. ಇದು ನನಗೆ ಗೊತ್ತಿರಲಿಲ್ಲ.

ಬೇಲೂರು ವಕೀಲ:
ಅಕ್ಕನ ಕಡೆಗೆ ನನ್ನದೂ ಒಂದು ಇರಲಿ. ಚಾರ್ಮಾಡಿ ತಿರುವಿನಲ್ಲಿ ಜೀಪು, ಕಾರು ತಾಗಿದ ಕೇಸು ನಡೆಸಿದ್ದೆ. ಮೂವರು ಸಾಕ್ಷಿ, ಮೂರು ವೇಗ. ಯಾರೂ ಸುಳ್ಳು ಹೇಳುತ್ತಿರಲಿಲ್ಲ ಅನ್ನುವುದೇ ತಮಾಷೆ. ಅಮೆರಿಕದ ಸೈಕಾಲಜಿಸ್ಟ್ ಎಲಿಜಬೆತ್ ಲಾಫ್ಟಸ್ 1974ರಲ್ಲಿ ಮಾಡಿದ ಪ್ರಯೋಗ ಓದಿದ ಮೇಲೆ ಅರ್ಥವಾಯಿತು. ಅಪಘಾತದ ಫಿಲ್ಮ್ ತೋರಿಸಿ ಕೆಲವರಿಗೆ ಕಾರುಗಳು 'ತಾಗಿದಾಗ' ಎಷ್ಟು ವೇಗ ಇತ್ತು, ಇನ್ನು ಕೆಲವರಿಗೆ 'ಅಪ್ಪಳಿಸಿದಾಗ' ಎಷ್ಟು ಇತ್ತು ಅಂತ ಕೇಳಿದರು. ಪದ ಬದಲಾದರೆ ವೇಗವೂ ಏರಿತು! ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂದರು. 'ತಾಗಿದ' ಗುಂಪಿನ 50ರಲ್ಲಿ 7 ಜನ, 'ಅಪ್ಪಳಿಸಿದ' ಗುಂಪಿನ 50ರಲ್ಲಿ 16 ಜನ ಹೌದು ಅಂದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ಅಂದಿನಿಂದ ಪಾಟೀ ಸವಾಲಿನಲ್ಲಿ ನಾನು ಮೊದಲು ಕೇಳುವುದು, ಪೊಲೀಸರು ನಿಮ್ಮನ್ನು ಯಾವ ಮಾತಲ್ಲಿ ಕೇಳಿದರು ಅಂತ.

ಮೂಡಿಗೆರೆ ಬೆಳೆಗಾರ:
ಓದಿ ಖುಷಿ ಆಯಿತು. ಆದರೆ ಸರ್, ಸಂಬಳ ಕೊಡುವವರು ಯಾರು?

ಹಾಸನದ ಕ್ಲಿನಿಕಲ್ ಅಕ್ಕ:
ಸರಿಯಾದ ಪ್ರಶ್ನೆ. ಫೋರೆನ್ಸಿಕ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕಿದ ಕುರ್ಚಿ ನಮ್ಮ ಜಿಲ್ಲೆಯಲ್ಲಿ ನಾನಂತೂ ನೋಡಿಲ್ಲ. ನಾನು ಆಸ್ಪತ್ರೆಯ ಕೆಲಸದ ಜೊತೆಗೇ ಇದನ್ನೂ ಮಾಡುತ್ತೇನೆ. 16ರಿಂದ 18 ವರ್ಷದ ಹುಡುಗ ಘೋರ ಅಪರಾಧದಲ್ಲಿ ಸಿಕ್ಕಿಬಿದ್ದರೆ, ಅವನಿಗೆ ಏನು ತಿಳುವಳಿಕೆ ಇತ್ತು ಅಂತ ಬಾಲನ್ಯಾಯ ಮಂಡಳಿ ನೋಡಬೇಕು. ಮಂಡಳಿಯಲ್ಲಿ ಮಕ್ಕಳ ಮನಸ್ಸಿನ ವಿಷಯ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಪೋಕ್ಸೊ ಮಕ್ಕಳ ಕೇಸುಗಳೂ ಬರುತ್ತವೆ. ಕೆಲವು ದಿನ ಮನೆಗೆ ಬಂದರೆ ಊಟ ಸೇರುವುದಿಲ್ಲ.

ದಾರಿ ಉದ್ದ. ಡಿಗ್ರಿ ಮೂರು ವರ್ಷ, ಮಾಸ್ಟರ್ಸ್ ಎರಡು, ನಮ್ಮ ಕಾಲದಲ್ಲಿ ಎಂ.ಫಿಲ್ ಎರಡು. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಆಗದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಳ್ಳುವಂತಿಲ್ಲ. 2022ರಲ್ಲಿ ಯುಜಿಸಿ ಎಂ.ಫಿಲ್ ನಿಲ್ಲಿಸುವ ನಿಯಮ ತಂದಿತು, ಹಾಗಾಗಿ ಈ ದಾರಿಯೇ ಬದಲಾಗುತ್ತಿದೆ. ಸೇರುವ ವರ್ಷದ ನಿಯಮ ನೋಡಿಯೇ ಹೆಜ್ಜೆ ಇಡಿ. ಹಾಂ, ಅಂಚೆ ಶಿಕ್ಷಣದಲ್ಲಿ ಮುಗಿಸೋಣ ಅಂದುಕೊಳ್ಳಬೇಡಿ. 2025ರಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಿ ಕೊಡಬಾರದು ಅಂತ ಯುಜಿಸಿ ಹೇಳಿದೆ.

ಕಡೂರ್ ಕ್ರೈಮ್ ಪ್ರಿಯ:
ಹೊಸ ಕಾನೂನು ಬಂತಲ್ಲ, ಈಗ ಪ್ರತಿ ಕೇಸಿಗೂ ಫೋರೆನ್ಸಿಕ್‌ನವರು ಬೇಕಂತೆ?

ಬೇಲೂರು ವಕೀಲ:
ಪ್ರತಿ ಕೇಸಿಗಲ್ಲ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಕ್ಕೆ. ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, ಕಾನೂನು ಬಂದದ್ದು 2024ರ ಜುಲೈ 1ಕ್ಕೆ. ತಜ್ಞರು ಸ್ಥಳಕ್ಕೆ ಹೋಗಬೇಕು, ವಿಡಿಯೊ ಮಾಡಿಸಬೇಕು. ಇದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ಜನ ಬೇಕಾಗುವುದಂತೂ ನಿಜ.

ಅರಸೀಕೆರೆ ಲ್ಯಾಬ್:
ಬೇಕಾಗುವುದು ಬೇರೆ, ಹುದ್ದೆ ತುಂಬುವುದು ಬೇರೆ. ಅದಕ್ಕೇ ಕೆಮಿಸ್ಟ್ರಿ ಅಂದದ್ದು. ಸರ್ಕಾರಿ ಕೆಲಸ ಸಿಗದಿದ್ದರೆ ಔಷಧ ಕಂಪನಿ ಇದೆ, ಕಾಫಿ ಗುಣಮಟ್ಟದ ಲ್ಯಾಬ್ ಇದೆ. ಎಂಎಸ್ಸಿಗೆ ಫೋರೆನ್ಸಿಕ್ ತೆಗೆದುಕೊಳ್ಳಲಿ. ರಾಷ್ಟ್ರೀಯ ಫೋರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೇ ಇದೆ.

ಹಾಸನದ ಕ್ಲಿನಿಕಲ್ ಅಕ್ಕ:
ಅಣ್ಣಾ, ಅವಳಿಗೆ ಮನುಷ್ಯರ ಮೇಲೆ ಆಸಕ್ತಿ ಇದ್ದರೆ ಬಾಟಲಿ ಮುಂದೆ ಕೂರಿಸಿ ಏನು ಪ್ರಯೋಜನ? ಈ ಒಂದು ಮಾತು ನಾನು ಒಪ್ಪುವುದಿಲ್ಲ.

ಅರಸೀಕೆರೆ ಲ್ಯಾಬ್:
ಹದಿನೆಂಟಕ್ಕೆ ಎಲ್ಲರಿಗೂ ಮನುಷ್ಯರ ಮೇಲೆ ಆಸಕ್ತಿ ಇರುತ್ತದೆ ತಾಯಿ.

ಮೂಡಿಗೆರೆ ಬೆಳೆಗಾರ:
ನಮಸ್ಕಾರ, ನಾನು ಮಗಳು. ಅಪ್ಪನ ಫೋನಿಂದ ಬರೆಯುತ್ತಿದ್ದೇನೆ, ಅವರು ಮೆಣಸು ಒಣ ಹಾಕಲು ಹೋಗಿದ್ದಾರೆ. ವಕೀಲ ಅಂಕಲ್ ಹೇಳಿದ್ದನ್ನು ಮನೆಯಲ್ಲೇ ಮಾಡಿ ನೋಡಿದೆ. ಹೋದ ವಾರ ನಮ್ಮ ಗೇಟಿಗೆ ಪಿಕಪ್ ತಾಗಿತ್ತು. ಅಜ್ಜಿಗೆ 'ತಾಗಿದಾಗ' ಅಂತ, ಚಿಕ್ಕಪ್ಪನಿಗೆ 'ಅಪ್ಪಳಿಸಿದಾಗ' ಅಂತ ಕೇಳಿದೆ. ಅಜ್ಜಿಯೇ ಜಾಸ್ತಿ ವೇಗ ಹೇಳಿದರು.

ಹಾಸನದ ಕ್ಲಿನಿಕಲ್ ಅಕ್ಕ:
ಇಬ್ಬರ ಮೇಲೆ ಮಾಡಿದರೆ ಹಾಗೇ ಆಗುವುದು ಪುಟ್ಟಾ! ಅದಕ್ಕೇ ಲಾಫ್ಟಸ್ ಒಂದೊಂದು ಗುಂಪಿಗೆ 50 ಜನರನ್ನು ಕೂರಿಸಿದ್ದು. ಭಾನುವಾರ ಹಾಸನಕ್ಕೆ ಬಂದರೆ ಸಿಗು, ಅಪ್ಪನನ್ನೂ ಕರೆದುಕೊಂಡು ಬಾ.

ಅರಸೀಕೆರೆ ಲ್ಯಾಬ್:
ಭಾನುವಾರ ಬೇಡ, ಶನಿವಾರ ಬನ್ನಿ. ಕಾಲೇಜು ತೆರೆದಿರುತ್ತದೆ. ಕೆಮಿಸ್ಟ್ರಿ ಲ್ಯಾಬಿಗೆ ಹೋಗಿ ಒಂದು ಗಂಟೆ ನಿಂತು ನೋಡಲಿ. ಆ ವಾಸನೆಗೆ ತಲೆನೋವು ಬಂದರೆ ನಾನು ಸೋತೆ, ಅಕ್ಕನ ಜೊತೆಗೇ ಹೋಗಲಿ.