ಪದಚರ್ಚೆ: ದೋಣಿಯ ಬ್ಯಾಟರಿಯ ‘ಡೀಪ್ ಸೈಕಲ್’, ‘ಫ್ಲೋಟ್ ಚಾರ್ಜ್’ – ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ (ದಾವಣಗೆರೆಯಿಂದ)

ವಿಹಾರದ ದೋಣಿಗೆ ಬ್ಯಾಟರಿ ಆರಿಸುವುದು, ಚಾರ್ಜ್ ಮಾಡುವುದು ಹೇಗೆ ಎಂಬ ಎರಡು ಪುಟದ ಸೂಚನೆಯನ್ನು ಕನ್ನಡದಲ್ಲಿ ಸಿದ್ಧಮಾಡಬೇಕಿದೆ. ಸೂಳೆಕೆರೆಯಂಥ ಕಡೆ ದೋಣಿ ನೋಡಿಕೊಳ್ಳುವವರು ಓದಿ ಕೆಲಸ ಮಾಡುವಂತಿರಬೇಕು. ‘ಡೀಪ್ ಸೈಕಲ್ ಬ್ಯಾಟರಿ’ಗೆ ‘ಆಳಚಕ್ರ ವಿದ್ಯುತ್ಕೋಶ’, ‘ಫ್ಲೋಟ್ ಚಾರ್ಜ್’ಗೆ ‘ತೇಲು ಆವೇಶ’, ‘ಅಬ್ಸಾರ್ಪ್ಷನ್’ಗೆ ‘ಹೀರಿಕೆ’ ಎಂದು ಹಾಕಿದ್ದೇನೆ, ಸಮಾಧಾನವಿಲ್ಲ. ‘ಟ್ರಿಕಲ್’, ‘ಫ್ಲೋಟ್’ ಎರಡಕ್ಕೂ ಒಂದೇ ಪದ ಸಾಕೇ? ಆನೋಡಿಗೆ ‘ಧನಾಗ್ರ’ (ಪ್ಲಸ್ ತುದಿ) ಎನ್ನಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಚಿತ್ರದುರ್ಗದಿಂದ)

ಮೇಡಂ, ‘ಆಳಚಕ್ರ’ವನ್ನು ಮೊದಲು ಬಿಡಿ. ದೋಣಿಯ ಮಾತಿನಲ್ಲಿ ಆಳ ಅಂದರೆ ನೀರಿನ ಆಳ. ‘ಆಳ ಇರೋ ಕಡೆಗೆ ಬೇರೆ ಬ್ಯಾಟ್ರಿ ಬೇಕಾ?’ ಎಂದು ಯಾರಾದರೂ ಕೇಳಿದರೆ ಅದು ಕೇಳಿದವರ ತಪ್ಪಲ್ಲ, ಪದದ ತಪ್ಪು. ಬ್ಯಾಟರಿ ‘ಇಳಿದಿದೆ’ ಅನ್ನುತ್ತೇವೆ, ಕೆರೆಯೂ ‘ಇಳಿದಿದೆ’ ಅನ್ನುತ್ತೇವೆ. ಆ ಕ್ರಿಯಾಪದ ಜನರ ಬಾಯಲ್ಲಿ ಇದ್ದೇ ಇದೆ. ಡೀಪ್ ಸೈಕಲ್ ಎಂದರೆ ಮತ್ತೆ ಮತ್ತೆ ಇಳಿಸಿ ತುಂಬಿದರೂ ಬೇಗ ಕೆಡದ ಬ್ಯಾಟರಿ, ಆದ್ದರಿಂದ ಅದನ್ನೇ ಹಿಡಿದು ‘ಇಳಿತ ತಾಳುವ ಬ್ಯಾಟರಿ’ ಎನ್ನಿ. ಎಂಜಿನ್ ಎಬ್ಬಿಸುವುದಕ್ಕೆ ಗ್ಯಾರೇಜಿನವರು ‘ಸೆಲ್ಫ್ ಹೊಡಿ’ ಅನ್ನುತ್ತಾರೆ, ಆದ್ದರಿಂದ ಇನ್ನೊಂದು ‘ಸೆಲ್ಫ್ ಬ್ಯಾಟರಿ’. ಹೀಗೆ ಹೆಸರಿಟ್ಟರೆ ಯಾವುದನ್ನು ಎಲ್ಲಿ ಬಳಸಬಾರದು ಎಂಬುದೂ ಹೆಸರಲ್ಲೇ ಬಂತು. ಸೆಲ್ಫ್ ಬ್ಯಾಟರಿಯಲ್ಲಿ ತೆಳು ಪ್ಲೇಟುಗಳು ಹೆಚ್ಚು. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುತ್ತದೆ. ಅದರಿಂದಲೇ ವಿದ್ಯುತ್ ಮೋಟಾರು ಓಡಿಸಿ ಮತ್ತೆ ಮತ್ತೆ ಅರ್ಧಕ್ಕಿಳಿಸಿದರೆ ಪ್ಲೇಟಿನ ಸೀಸದ ಪುಡಿ ಉದುರಿ ತಳದಲ್ಲಿ ಕೂರುತ್ತದೆ, ಒಂದು ದಿನ ಪ್ಲೇಟಿಗೆ ಪ್ಲೇಟು ಮುಟ್ಟಿಸಿ ಸೆಲ್ ಕೊಲ್ಲುತ್ತದೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಇಳಿತ ತಾಳುವ ಜಾತಿಯದೇ, ಪುಡಿ ಕೊಳವೆಯೊಳಗೆ ಹಿಡಿದಿರುತ್ತದೆ. ಆದರೆ 150 ಆಂಪಿಯರ್-ಗಂಟೆ ಸಾಮರ್ಥ್ಯದ, ಅಂದರೆ 150 ಎಎಚ್‌ನದು ಐವತ್ತು ಕೆಜಿ ಮೀರುತ್ತದೆ, ದೋಣಿ ವಾಲಿದರೆ ಆ್ಯಸಿಡ್ ಚೆಲ್ಲುತ್ತದೆ. ಚಿಕ್ಕ ದೋಣಿಗೆ ಆ್ಯಸಿಡನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಟ್ಟ, ಸೀಲ್ ಮಾಡಿದ ಎಜಿಎಂ ಒಳ್ಳೆಯದು.

‘ಕೆಪ್ಯಾಸಿಟಿ’ಗೆ ‘ಸಾಮರ್ಥ್ಯ’ ಎಂಬ ಪದ ಸರಿಯಾಗಿದೆ, ಅದರ ಪಕ್ಕದ ಅಂಕಿಗೆ ಒಂದು ಸಾಲು ವಿವರಣೆ ಬೇಕು. 100 ಎಎಚ್, ಸಿ20 ಎಂದಿದ್ದರೆ 5 ಆಂಪಿಯರಿನಂತೆ ಇಪ್ಪತ್ತು ಗಂಟೆ ಎಂದರ್ಥ. 30 ಆಂಪಿಯರ್ ಎಳೆಯುವ ಮೋಟಾರಿಗೆ ಅಷ್ಟು ಸಿಗುವುದಿಲ್ಲ, ಬೇಗ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. ಅರ್ಧಕ್ಕೆ ನಿಲ್ಲಿಸಬೇಕೆಂದರೆ ಒಂದು ಗಂಟೆಗಿಂತ ತುಸು ಹೆಚ್ಚು ಓಡೀತು. ಅರ್ಧ ಎಂಬುದನ್ನೂ ಅಂಕಿಯಲ್ಲೇ ಬರೆಯಿರಿ: ಎಲ್ಲ ಆಫ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದಾಗ 12 ವೋಲ್ಟಿನ ಬ್ಯಾಟರಿಯಲ್ಲಿ 12.7 ವೋಲ್ಟ್ ತುಂಬಿದ್ದು, 12.1ರ ಸುಮಾರು ಅರ್ಧ.

ಇನ್ನು ಚಾರ್ಜಿನ ಹಂತಗಳು. ನಿಮ್ಮ ಪುಟದಲ್ಲಿ ಹೆಚ್ಚು ಕೆಡುವುದು ಇಲ್ಲೇ. ‘ಆವೇಶ’ ಪಠ್ಯಪುಸ್ತಕಕ್ಕೆ ಸರಿ, ದಂಡೆಯ ಮೇಲೆ ಮೈಮೇಲೆ ಬರುವ ಆವೇಶವೇ ನೆನಪಾಗುತ್ತದೆ, ‘ಚಾರ್ಜ್’ ಇರಲಿ. ಮೊದಲ ಹಂತ ‘ತುಂಬುವುದು’: ಆ್ಯಸಿಡ್ ಬ್ಯಾಟರಿಗೆ ಎಎಚ್‌ನ ಹತ್ತನೇ ಒಂದು ಪಾಲು, ಅಂದರೆ 150ಕ್ಕೆ 15 ಆಂಪಿಯರ್. ವೋಲ್ಟ್ 14.4ಕ್ಕೆ ಏರಿದ ಮೇಲೆ ಎರಡನೆಯದು, ನಿಮ್ಮ ‘ಅಬ್ಸಾರ್ಪ್ಷನ್’. ಇದಕ್ಕೆ ನನ್ನ ಸಲಹೆ ‘ಇಂಗುವ ಹಂತ’. ಇಂಗುಗುಂಡಿ ತೋಡಿದ ನಮ್ಮ ಕಡೆಯ ರೈತರಿಗೆ ಗೊತ್ತು, ನೀರು ಬಿಡುವುದು ಬೇರೆ, ಅದು ಇಂಗುವುದು ಬೇರೆ. ಇಂಗುವುದಕ್ಕೆ ಹೊತ್ತು ಕೊಡಬೇಕು. ವೋಲ್ಟ್ ಅಲ್ಲೇ ನಿಂತಿರುತ್ತದೆ, ಆಂಪಿಯರ್ ತಾನಾಗಿ ತಗ್ಗುತ್ತಾ ಬರುತ್ತದೆ. ಅರ್ಧ ಇಳಿದ 150 ಎಎಚ್‌ಗೆ ಲೆಕ್ಕದ ಪ್ರಕಾರ ಐದು ಗಂಟೆ, ನಿಜದಲ್ಲಿ ಎಂಟರ ಸುಮಾರು ಆಗುವುದು ಇದರಿಂದಲೇ. ಈ ಹಂತ ಮುಗಿಯುವ ಮೊದಲೇ ದಿನವೂ ಕಿತ್ತರೆ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿ ಹರಳಾಗುತ್ತದೆ. ‘ಸಲ್ಫೇಷನ್’ಗೆ ‘ಹರಳುಗಟ್ಟುವುದು’ ಎನ್ನಬಹುದು. ನಾಲೆಯ ಅಚ್ಚುಕಟ್ಟಿನವರಿಗೆ ‘ಪ್ಲೇಟಿಗೆ ಚೌಳು ಹಿಡಿಯಿತು’ ಎಂದರೂ ಮನಸ್ಸಿಗೆ ನಾಟುತ್ತದೆ, ಬರಹದಲ್ಲಿ ಹರಳೇ ಇರಲಿ.

ಟ್ರಿಕಲ್, ಫ್ಲೋಟ್ ಎರಡಕ್ಕೂ ಒಂದೇ ಪದ ಖಂಡಿತ ಬೇಡ. ಟ್ರಿಕಲ್ ಎಂದರೆ ಬ್ಯಾಟರಿ ತುಂಬಿದೆಯೋ ಇಲ್ಲವೋ ನೋಡದೆ ಒಂದೇ ಸಮ ಹರಿಯುವ ಸಣ್ಣ ಕರೆಂಟು. ‘ಹನಿ ಚಾರ್ಜ್’ ಎನ್ನಿ. ವಾರಗಟ್ಟಲೆ ಹಾಗೇ ಬಿಟ್ಟರೆ ನೀರು ಆರಿ ಪ್ಲೇಟು ಸವೆಯುತ್ತದೆ. ಫ್ಲೋಟಿನಲ್ಲಿ ಕಟ್ಟಿಹಾಕುವುದು ವೋಲ್ಟನ್ನು, 13.5ರ ಆಸುಪಾಸು, ಬ್ಯಾಟರಿ ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ. ನೀರುಗಂಟಿ ತೂಬು ಕಾಯ್ದ ಹಾಗೆ. ‘ಮಟ್ಟ ಕಾಯುವ ಚಾರ್ಜ್’ ಎಂಬುದು ಉದ್ದವಾದರೂ ಕೆಲಸ ಹೇಳುತ್ತದೆ. ‘ತೇಲು’ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ: ದೋಣಿಯ ತಳದ ನೀರನ್ನು ಹೊರಹಾಕುವ ಪಂಪಿಗೆ ನಿಜಕ್ಕೂ ತೇಲುವ ಸ್ವಿಚ್ಚಿರುತ್ತದೆ. ಒಂದೇ ಪುಟದಲ್ಲಿ ಎರಡು ‘ತೇಲು’ ಬಂದರೆ ಅನಾಹುತ.

ಈ ಅಂಕಿಗಳೆಲ್ಲ 25 ಡಿಗ್ರಿಗೆ. 40 ಡಿಗ್ರಿ ಬೇಸಿಗೆಯಲ್ಲಿ 14.4ನ್ನು 14.1ರ ಹತ್ತಿರಕ್ಕೆ ಇಳಿಸಬೇಕು, ಇಲ್ಲವಾದರೆ ‘ಆ್ಯಸಿಡ್ ಕುದೀತಿದೆ’ ಎಂಬ ದೂರು ಬರುತ್ತದೆ. ಆ ‘ಕುದಿ’ಯನ್ನೂ ತಿದ್ದಿ. ಅದು ಬಿಸಿಯಿಂದ ಬಂದ ಕುದಿಯಲ್ಲ, ನೀರು ಒಡೆದು ಹೈಡ್ರೋಜನ್, ಆಮ್ಲಜನಕ ಗುಳ್ಳೆಯಾಗಿ ಏಳುವುದು. ಗಾಳಿಯಲ್ಲಿ ಹೈಡ್ರೋಜನ್ 4% ಆದರೆ ಕಿಡಿಗೆ ಹತ್ತಿಕೊಳ್ಳುತ್ತದೆ. ‘ಕುದಿ’ ಎಂದು ಓದಿದವರು ತಣ್ಣಗಾಗಲಿ ಎಂದು ಕಾಯುತ್ತಾರೆ. ‘ಗುಳ್ಳೆ ಏಳುತ್ತದೆ, ಅದು ಉರಿಯುವ ಅನಿಲ’ ಎಂದು ಓದಿದವರು ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾರೆ. ಕ್ಲಿಪ್ ಹಾಕಿದ ಮೇಲೆ ಚಾರ್ಜರ್ ಆನ್, ಆಫ್ ಮಾಡಿದ ಮೇಲೆ ಕ್ಲಿಪ್ ಕೀಳುವುದು ಎಂಬ ಸಾಲು ಅದರ ಪಕ್ಕದಲ್ಲೇ ಬರಲಿ.

ಧನಾಗ್ರದ ವಿಷಯ: ಪ್ಲಸ್ ಪ್ಲೇಟು ಚಾರ್ಜ್ ಆಗುವಾಗ ಆನೋಡು, ಇಳಿಯುವಾಗ ಕ್ಯಾಥೋಡು. ಆನೋಡಿಗೆ ಧನಾಗ್ರ ಎಂದರೆ ಅರ್ಧ ದಿನ ಸುಳ್ಳಾಗುತ್ತದೆ. ‘ಪ್ಲಸ್’, ‘ಮೈನಸ್’ ಸಾಕು.

‘ಬ್ಯಾಟರಿ ನೀರು’ ಅಂಗಡಿಯ ಪದ, ಹಾಗೇ ಇಡಿ, ಆದರೆ ‘ಬಟ್ಟಿ ಇಳಿಸಿದ ನೀರು, ಆ್ಯಸಿಡ್ ಅಲ್ಲ, ಬೋರಿನ ನೀರೂ ಅಲ್ಲ’ ಎಂದು ಸೇರಿಸಿ. ಚಾರ್ಜ್ ಮುಗಿದ ಮೇಲೆ ಹಾಕಬೇಕು. ಮೊದಲೇ ತುಂಬಿಸಿದರೆ ಮಟ್ಟ ಏರಿ ಉಕ್ಕುತ್ತದೆ. ಪ್ಲೇಟು ಬರಿದಾಗಿ ಕಂಡರೆ ಮಾತ್ರ, ಅದು ಮುಳುಗುವಷ್ಟು ಮೊದಲೇ.

ಲಿಥಿಯಂ ಬ್ಯಾಟರಿಗೆ ಈ ಪದಗಳನ್ನು ಎಳೆದು ತರಬೇಡಿ. ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ಮುಕ್ಕಾಲು ಪಾಲು ಖಾಲಿಯಾದರೂ ವೋಲ್ಟ್ ಹೆಚ್ಚು ಕದಲುವುದಿಲ್ಲ, ವೋಲ್ಟ್ ನೋಡಿ ‘ಇಳಿದಿದೆ’ ಎನ್ನಲಾಗದು; ಹೋದ ಬಂದ ಆಂಪಿಯರ್ ಎಣಿಸುವ ಮೀಟರೇ ಬೇಕು. ಮಟ್ಟ ಕಾಯುವ ಚಾರ್ಜೂ ಅದಕ್ಕೆ ಅಗತ್ಯವಿಲ್ಲ. ಅದನ್ನು ಮೂರನೆಯ ಪುಟವಾಗಿ ಬೇರೆ ಬರೆಯಿರಿ.