ಹೀಟ್‌ಮ್ಯಾಪ್ ಪಕ್ಕ ಹೌದು-ಇಲ್ಲ ಪಟ್ಟಿ: ನಮ್ಮ ತೋಟಕ್ಕೆ ಕೊಳೆಯೇ ಬಂದಿಲ್ಲವಂತೆ!

ಶಿರಸಿ_ಅಡಿಕೆ:
ನಮಸ್ಕಾರ. ಶಿರಸಿ ಕಡೆಯ 40 ಅಡಿಕೆ ತೋಟಗಳ ಮಣ್ಣು ಪರೀಕ್ಷೆಯ ಅಂಕಿ ನನ್ನ ಹತ್ತಿರ ಇದೆ. ಪಿಎಚ್, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್, ಸತು, ಬೋರಾನ್. ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಇದರ ಹೀಟ್‌ಮ್ಯಾಪ್ (ಅಂಕಿಯನ್ನು ಬಣ್ಣದಲ್ಲಿ ತೋರಿಸುವ ಚಿತ್ರ, ತೋಟಕ್ಕೊಂದು ಸಾಲು) ಚೆನ್ನಾಗಿಯೇ ಬಂತು. ತೊಂದರೆ ಶುರುವಾಗಿದ್ದು ಹೌದು-ಇಲ್ಲ ಕಾಲಂಗಳಿಂದ. ಕಳೆದ ಮಳೆಗಾಲ ಕಾಯಿ ಉದುರಿಸುವ ಕೊಳೆ ರೋಗ ಬಂದಿತ್ತಾ, ಅದಕ್ಕೆ ಬೋರ್ಡೋ ಔಷಧಿ ಹೊಡೆಸಿದ್ದರಾ, ಮಳೆ ತಾಗದ ಹಾಗೆ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿದ್ದರಾ. ಎಲ್ಲ ಬರೀ 1 ಮತ್ತು 0.

ಮೊದಲು ಸುಮ್ನೆ ಮಣ್ಣಿನ ಅಂಕಿ ಜೊತೆಗೇ ಸೇರಿಸಿ ಕಾಲಂ ಪ್ರಕಾರ ಸ್ಕೇಲ್ ಮಾಡಿದೆ, ಅಂದರೆ ಪ್ರತಿ ಅಂಕಿಯಿಂದ ಸರಾಸರಿ ಕಳೆದು, ಹರಡಿಕೆಯ ಅಳತೆಯಾದ ಎಸ್‌ಡಿಯಿಂದ ಭಾಗಿಸಿದೆ. ಕೊಟ್ಟೆ ಕಟ್ಟಿಸಿದ ತೋಟ ನಾಲ್ಕೇ ನಾಲ್ಕು. ಆ ನಾಲ್ಕೂ ಕುಂಕುಮ ಚೆಲ್ಲಿದ ಹಾಗೆ ಕೆಂಪಾದವು, ಮಣ್ಣೆಲ್ಲ ಮಂಕಾಯಿತು. ಆಮೇಲೆ ಆರ್‌ನ ಪಿಹೀಟ್‌ಮ್ಯಾಪ್ ಪ್ಯಾಕೇಜ್‌ನಲ್ಲಿ ಪಕ್ಕದ ಪಟ್ಟಿಯಾಗಿ ಹಾಕಿದೆ. ಬಣ್ಣದ ಅರ್ಥ ಹೇಳುವ ಲೆಜೆಂಡ್‌ನಲ್ಲಿ 0ಯಿಂದ 1ರವರೆಗೆ ಬಣ್ಣದ ಏಣಿ! ಅರ್ಧ ಕೊಳೆ ಬಂದ ತೋಟ ಎಲ್ಲಿದೆ ಮಾರಾಯ್ರೆ?

ಸಿಟ್ಟಿನಲ್ಲಿ ಕಾಂಪ್ಲೆಕ್ಸ್‌ಹೀಟ್‌ಮ್ಯಾಪ್ ಅನ್ನುವ ಇನ್ನೊಂದು ಪ್ಯಾಕೇಜ್‌ಗೆ ಹೋದೆ. ಚಿತ್ರ ಚೆಂದ ಬಂತು ಅಂತ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು "ನಮ್ಮ ತೋಟದ ಸಾಲು ಯಾವುದು?" ಅಂತ ಕೇಳಿದ. ಬೆರಳಿಟ್ಟು ನೋಡಿದರೆ ಅಲ್ಲಿ ಕೊಳೆ "ಇಲ್ಲ". ಉದುರಿದ ಕಾಯಿಯನ್ನು ಬುಟ್ಟಿಗಟ್ಟಲೆ ಹೆಕ್ಕಿದ್ದು ನಾನೇ! ಎಲ್ಲಿ ತಪ್ಪಿದೆ?

ಕೋಡಿಬಾಗದವ:
ಮೂರೂ ಬೇರೆ ಬೇರೆ ತಪ್ಪು, ತಂಗಿ.

40ರಲ್ಲಿ 4 ಅಂದರೆ ಸರಾಸರಿ 0.1, ಎಸ್‌ಡಿ ಸುಮಾರು 0.3. ಸ್ಕೇಲ್ ಮಾಡಿದರೆ ಆ 1 ಹೋಗಿ ಸುಮಾರು 3 ಆಗುತ್ತದೆ. ಅಪರೂಪದ "ಹೌದು" ಇದ್ದಷ್ಟೂ ಕೂಗು ಜಾಸ್ತಿ. ಬಣ್ಣ ಮಾತ್ರ ಅಲ್ಲ, ಕ್ಲಸ್ಟರಿಂಗ್ (ಒಂದೇ ತರಹದ ತೋಟಗಳನ್ನು ಅಕ್ಕಪಕ್ಕ ಸೇರಿಸುವುದು) ಕೂಡ ಅದರ ಹಿಂದೆಯೇ ಓಡುತ್ತದೆ. ಹಾಗಾಗಿ ಹೊರಗಿಡುವುದೇ ಸರಿ.

ಬಣ್ಣದ ಏಣಿ ಬಂದಿದ್ದು 1 ಮತ್ತು 0 ನಂಬರ್ ಆಗಿ ಉಳಿದಿದ್ದಕ್ಕೆ. ಫ್ಯಾಕ್ಟರ್ (ಅಂಕಿಯಲ್ಲ, ಗುಂಪಿನ ಹೆಸರು) ಮಾಡಿ, "ಹೌದು", "ಇಲ್ಲ" ಅಂತ ಹೆಸರು ಕೊಡಿ. ಮುಗೀತು.

ಮೂರನೆಯದು ಕಳ್ಳ ತಪ್ಪು. ಪಿಹೀಟ್‌ಮ್ಯಾಪ್ ಸಾಲಿನ ಹೆಸರು ನೋಡಿ ಪಟ್ಟಿಯನ್ನು ಜೋಡಿಸುತ್ತದೆ. ಕಾಂಪ್ಲೆಕ್ಸ್‌ಹೀಟ್‌ಮ್ಯಾಪ್ ಹೆಸರು ನೋಡುವುದೇ ಇಲ್ಲ, ನೀವು ಕೊಟ್ಟ ಕ್ರಮದಲ್ಲೇ ಅಂಟಿಸುತ್ತದೆ. ಎರಡು ಟೇಬಲ್‌ಗಳನ್ನು "ಮರ್ಜ್" ಫಂಕ್ಷನ್‌ನಿಂದ ಒಂದಾಗಿ ಸೇರಿಸಿದ್ದಿರಾ?

ಶಿರಸಿ_ಅಡಿಕೆ:
ಅಯ್ಯೋ, ಹೌದು! ತೋಟದ ಸಂಖ್ಯೆ ಟಿ1ರಿಂದ ಟಿ40. ನಮ್ಮದು ಟಿ7.

ಕೋಡಿಬಾಗದವ:
ಅಲ್ಲೇ ಇದೆ ನೋಡಿ. ಮರ್ಜ್ ಸುಮ್ಮನಿರದೆ ಅಕ್ಷರದ ಲೆಕ್ಕದಲ್ಲಿ ವಿಂಗಡಿಸುತ್ತದೆ. ಟಿ1 ಆದ ಮೇಲೆ ಟಿ2 ಅಲ್ಲ, ಟಿ10, ಟಿ11. ಏಳನೇ ಜಾಗದಲ್ಲಿ ಟಿ15 ಕೂತಿದೆ. ನಿಮ್ಮ ಅಪ್ಪ ನೋಡಿದ್ದು ಟಿ15ರವರ ಉತ್ತರ. ಮ್ಯಾಟ್ರಿಕ್ಸ್‌ನ ಸಾಲಿನ ಹೆಸರನ್ನೇ ಹಿಡಿದು "ಮ್ಯಾಚ್" ಫಂಕ್ಷನ್‌ನಿಂದ ಪಟ್ಟಿಯನ್ನು ಮರುಜೋಡಿಸಿ. ಕ್ಲಸ್ಟರ್ ಆದ ಕ್ರಮಕ್ಕೆ ಕೈಯಾರೆ ಜೋಡಿಸಲು ಹೋಗಬೇಡಿ, ಅದನ್ನು ಪ್ಯಾಕೇಜ್ ತಾನೇ ಮಾಡುತ್ತದೆ. ಕಾಳಿ ನದಿಯ ಅಳಿವೆಯ ಉಪ್ಪಿನಂಶದ ಪಕ್ಕ ಯಾವ ಮೀನು ಸಿಕ್ಕಿತು, ಯಾವುದು ಇಲ್ಲ ಅಂತ ಹಾಕುವಾಗ ನಾನೂ ಇದೇ ಗುಂಡಿಗೆ ಬಿದ್ದಿದ್ದೆ. ನನಗೆ ಹೇಳಲು ಅಪ್ಪ ಇರಲಿಲ್ಲ, ಗೈಡ್ ಎದುರೇ ಗೊತ್ತಾಯಿತು.

ಕುಮಟಾ_ಅಕ್ಕ:
ಒಂದು ಮಾತು. ಮೂರು ಪಟ್ಟಿಗೆ ಆರು ಬಣ್ಣ ಹಾಕಬೇಡಿ. ಎಲ್ಲದರಲ್ಲೂ ಹೌದು ಅಂದರೆ ಗಾಢ, ಇಲ್ಲ ಅಂದರೆ ತಿಳಿ. ಒಂದೇ ಲೆಜೆಂಡ್ ಸಾಕು. ಕೆಂಪು-ಹಸಿರು ಬೇಡವೇ ಬೇಡ, ಜೆರಾಕ್ಸ್‌ನಲ್ಲಿ ಎರಡೂ ಒಂದೇ. ಉತ್ತರ ಸಿಗದ ತೋಟಕ್ಕೆ ಬೂದು ಕೊಡಿ. "ಗೊತ್ತಿಲ್ಲ" ಅನ್ನುವುದೂ "ಇಲ್ಲ" ಅನ್ನುವುದೂ ಒಂದೇ ಅಲ್ಲ, ಅಲ್ವಾ? ಕೊಳೆ ಬಂದ ತೋಟಗಳ ಮಣ್ಣು ಬೇರೆಯೇ ಅಂತ ನೋಡಬೇಕಿದ್ದರೆ, ಆ ಕಾಲಂನಿಂದಲೇ ಹೀಟ್‌ಮ್ಯಾಪ್‌ನ ಸಾಲುಗಳನ್ನು ಎರಡು ತುಂಡು ಮಾಡಿ. ರೋ ಸ್ಪ್ಲಿಟ್ ಅಂತ ಇದೆ.

ಶಿರಸಿ_ಅಡಿಕೆ:
ಎಲ್ಲ ಸರಿಯಾಯಿತು, ತುಂಬಾ ಥ್ಯಾಂಕ್ಸ್. ಟಿ7ರಲ್ಲಿ ಈಗ ಕೊಳೆ "ಹೌದು", ಬೋರ್ಡೋ "ಹೌದು". ಮತ್ತೆ ಅಪ್ಪನಿಗೆ ತೋರಿಸಿದೆ. "ಬೋರ್ಡೋ ಹೊಡೆಸಿದ್ದು ಒಂದೇ ಸಲ. ಎರಡನೇ ಸಲಕ್ಕೆ ಮರ ಹತ್ತುವ ಕೊನೆಗೌಡ ಸಿಗಲೇ ಇಲ್ಲ. ಅದನ್ನು ಎಲ್ಲಿ ಬರೆದೆ?" ಅಂದ. ಎಲ್ಲೂ ಬರೆದಿಲ್ಲ. ಈಗ ಅದು ಹೌದು-ಇಲ್ಲ ಹೋಗಿ 0, 1, 2 ಆಗಬೇಕು. ಉಳಿದ 39 ಮನೆಗೂ ಮತ್ತೆ ಫೋನ್ ಮಾಡಲು ಕೂತಿದ್ದೇನೆ.