ಭರತ (ಸಮುದ್ರದ ಉಬ್ಬರದ ನೀರು) ಏರುವ ಗದ್ದೆಯಲ್ಲಿ ಕೂಳೆ ಭತ್ತ (ಕೊಯ್ದ ಬುಡ ಮತ್ತೆ ಚಿಗುರಿ ಕೊಡುವ ಬೆಳೆ) ಆಗುತ್ತದಾ? (ಪ್ರಶ್ನೋತ್ತರ; ಮೊದಲಿಗೆ ಇರುವುದು ಬರೆದವರ ಗುರುತಿನ ಹೆಸರು)

ಮೊಗ್ರಾಲು ಬದಿ: ಹೊಳೆಯ ಪಕ್ಕ 40 ಸೆಂಟ್ಸ್ ಗದ್ದೆ. ಏಣೆಲು (ಮಳೆಗಾಲದ ಮೊದಲ ಭತ್ತದ ಬೆಳೆ) ಸೆಪ್ಟೆಂಬರ್ ಕೊನೆಗೆ ಕೊಯ್ಲಿಗೆ ಬರುತ್ತದೆ. ಡಿಸೆಂಬರಿಗೆ ಉಪ್ಪು ಏರುವುದರಿಂದ ಸುಗ್ಗಿ (ಎರಡನೇ ಬೆಳೆ) ನಾಟಿಗೆ ಸಮಯವಿಲ್ಲ. ಕೂಳೆಯಿಂದಲೇ ಇನ್ನೊಂದು ಬೆಳೆ ತೆಗೆಯಬಹುದಾ? ಕಳೆದ ವರ್ಷ ಚಿಗುರಿತು, ಹತ್ತು ದಿನದಲ್ಲಿ ಕೊಳೆಯಿತು.

ಹುಣಿ ಕೆಲಸ: ಕೊಳೆತದ್ದು ನೀರಿನಿಂದ. ಕೊಯ್ದ ಕೂಳೆ ಮುಳುಗಿದರೆ ಗಾಯದಿಂದ ನೀರು ಒಳಗಿಳಿದು ಗೆಣ್ಣಿನ ಮೊಗ್ಗು ಸಾಯುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಎರಡು ದಿನ ಭರತ ಅತಿ ಎತ್ತರ. ಹಾಗಾಗಿ ಅಷ್ಟಮಿ ಹೊತ್ತಿಗೆ ಕೊಯ್ಯಿರಿ, ಆಗ ಏರಿಳಿತ ಕಡಿಮೆ. ಇಳಿತದಲ್ಲಿ ನೀರು ಬಿಟ್ಟು ತೂಬು ಮುಚ್ಚಿ, ಹತ್ತು ದಿನ ಮಣ್ಣು ಬರೀ ಒದ್ದೆಯಾಗಿರಲಿ. ಬಿರುಕು ಬಿಡುವಷ್ಟು ಒಣಗಿಸಲೇಬೇಡಿ. ಇಂಥ ಕಪ್ಪು ಕೆಸರಿನಲ್ಲಿ ಗಂಧಕ ಇದ್ದರೆ ಗಾಳಿ ತಾಗಿದಾಗ ಹುಳಿಯಾಗಿ ಬೇರು ಸುಡುತ್ತದೆ. ಚಿಗುರು ಒಂದು ಗೇಣಾದ ಮೇಲೆ ಎರಡು ಮೂರು ಬೆರಳು ಸಿಹಿನೀರು ನಿಲ್ಲಿಸಿ.

ಕೊಯ್ಯುವ ಎತ್ತರ 15ರಿಂದ 20 ಸೆಂಟಿಮೀಟರ್, ಎರಡು ಗೆಣ್ಣು ಉಳಿಯಬೇಕು. ತೆನೆ ಹಣ್ಣಾಗಿ ದಂಟು ಇನ್ನೂ ಹಸಿರಿರುವಾಗಲೇ ಕತ್ತಿಯಿಂದ ಕೊಯ್ಯಿರಿ. ಯಂತ್ರ ಇಳಿದರೆ ಚಕ್ರದಡಿಯ ಕೂಳೆ ಹೋಯಿತು. ಅಡ್ಡ ಬಿದ್ದ ಪೈರನ್ನು ನೆಚ್ಚಬೇಡಿ.

ಶಿರಿಯ ಬೈಲು: ಒಂದು ಮಾತು ಒಪ್ಪುವುದಿಲ್ಲ. ತೂಬು ಗಟ್ಟಿ ಇದ್ದರೆ 10 ಸೆಂಟಿಮೀಟರ್‌ಗೇ ಕೊಯ್ಯಬಹುದು. ಮೇಲಿನ ಗೆಣ್ಣಿನ ತೆಂಡೆ (ಕವಲು ಚಿಗುರು) ಬೇಗ ಹೂ ಬಿಡುತ್ತದೆ, ಬುಡದ್ದು ತಡ. ಎರಡೂ ಇದ್ದರೆ ಒಟ್ಟಿಗೆ ಹಣ್ಣಾಗುವುದಿಲ್ಲ. ಮುಳುಗುವ ಭಯ ಇರುವಲ್ಲಿ ಮಾತ್ರ 20 ಸರಿ.

ಯೂರಿಯಾ 40 ಸೆಂಟ್ಸಿಗೆ 14 ಕಿಲೋ ಸಾಕು. ಅರ್ಧ ಕೊಯ್ದ ಮೂರು ದಿನದೊಳಗೆ, ಉಳಿದದ್ದು ಹದಿನೈದನೇ ದಿನ. ತೂಬು ಮುಚ್ಚಿಯೇ ಹಾಕಿ, ಇಲ್ಲವಾದರೆ ಇಳಿತದ ಜೊತೆ ಹೊಳೆಗೆ ಹೋಗುತ್ತದೆ.

ಲೆಕ್ಕ ಹೀಗೆ: ಸೆಪ್ಟೆಂಬರ್ 28ಕ್ಕೆ ಕೊಯ್ದರೆ ಅಕ್ಟೋಬರ್ ಕೊನೆಗೆ ಹೂ, ನವೆಂಬರ್ ಕೊನೆಗೆ ಭತ್ತ. ತುಲಾ ಮಳೆ (ಅಕ್ಟೋಬರ್-ನವೆಂಬರ್ ಮಳೆ) ಬಂದರೆ ಉಪ್ಪುನೀರು ಹೊಳೆಯ ಕೆಳಭಾಗದಲ್ಲೇ, ಸಮುದ್ರದ ಕಡೆಗೇ ಉಳಿಯುತ್ತದೆ. ತೆನೆ ಕಟ್ಟುವಾಗ ಮತ್ತು ಹೂ ಬಿಡುವಾಗ ಗದ್ದೆನೀರಿನ ಇಸಿ (ಉಪ್ಪಿನಂಶ ತಿಳಿಸುವ ವಿದ್ಯುತ್ ವಾಹಕತೆ) 3 dS/m ದಾಟಿದರೆ ಜೊಳ್ಳೇ ಹೆಚ್ಚು. ಮೀಟರಿನಲ್ಲಿ ಎರಡು ದಿನಕ್ಕೊಮ್ಮೆ ನೋಡಿ. ಎಲ್ಲ ಸರಿಯಾದರೆ ಏಣೆಲಿನ ಮೂರನೇ ಒಂದು ಪಾಲು ಸಿಗುತ್ತದೆ, ಅದಕ್ಕಿಂತ ಹೆಚ್ಚು ನಂಬಿ ಖರ್ಚು ಮಾಡಬೇಡಿ.

ಕೈಪಾಡ್ ಗದ್ದೆ: ಸಿಗಡಿಗೆ ಬಿಡುವ ಗದ್ದೆಯಾದರೆ ಯೋಚಿಸಿ. ಕೈಪಾಡಿನಲ್ಲಿ (ಉತ್ತರ ಕೇರಳದ ಉಪ್ಪುನೀರಿನ ಗದ್ದೆ, ಮಳೆಗಾಲದಲ್ಲಿ ಭತ್ತ, ಆಮೇಲೆ ಸಿಗಡಿ) ತೆನೆ ಮಾತ್ರ ಕೊಯ್ದು ದಂಟನ್ನು ನೀರಿನಲ್ಲಿ ಕೊಳೆಯಲು ಬಿಡುವುದೇ ಸಿಗಡಿಯ ಆಹಾರಕ್ಕೆ. ಕೂಳೆ ಬೆಳೆಸಿದರೆ ನವೆಂಬರಿನಲ್ಲಿ ಉಪ್ಪುನೀರು ಒಳಗೆ ಬಿಡಲಾಗುವುದಿಲ್ಲ. ಏಣೆಲಿನಲ್ಲಿ ಕಾಂಡಕೊರಕ ಅಥವಾ ಕಂದು ಜಿಗಿಹುಳು ಕಂಡಿದ್ದರೆ ಕೂಳೆ ಬೇಡವೇ ಬೇಡ, ಹುಳ ಅದರಲ್ಲೇ ಉಳಿಯುತ್ತದೆ.

ಮೊಗ್ರಾಲು ಬದಿ: ಸಿಗಡಿ ಬಿಡುವುದಿಲ್ಲ, ಹುಳವೂ ಇಲ್ಲ. ಆದರೆ ತೂಬಿನ ಹಲಗೆ ಸೋರುತ್ತದೆ.

ಹುಣಿ ಕೆಲಸ: ಒಂದೇ ಸಾಲು ಹಲಗೆ ಸಾಲದು. ಒಂದು ಅಡಿ ಬಿಟ್ಟು ಎರಡು ಸಾಲು ಇಳಿಸಿ, ನಡುವೆ ಜೇಡಿಮಣ್ಣನ್ನು ಒಂದೊಂದು ಗೇಣು ಹಾಕಿ ತುಳಿಯಿರಿ. ಹುಣಿಯಲ್ಲಿ (ಗದ್ದೆಯ ಬದು) ಏಡಿಯ ತೂತುಗಳನ್ನೂ ಇಳಿತದ ಹೊತ್ತಿಗೆ ಹುಡುಕಿ ಮುಚ್ಚಿ. ಅಲ್ಲಿಂದಲೂ ಉಪ್ಪು ಒಳಬರುತ್ತದೆ.